ಕಪ್ಪೆ ಇಲ್ಲದಿದ್ದರೆ ಹಾವು ಉಪವಾಸವೇ?

ಪ್ರಶ್ನೆ: ಮಗಳು ಆರನೇ ಕ್ಲಾಸು. ಪುಸ್ತಕದಲ್ಲಿ ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಅಂತ ಸಾಲಾಗಿ ಚಿತ್ರ ಇದೆ. ಕಪ್ಪೆಗಳೆಲ್ಲ ಸತ್ತುಹೋದರೆ ಹಾವು, ಹದ್ದು ಎಲ್ಲ ಸಾಯ್ತವಾ ಅಂತ ಕೇಳಿದಳು. ಹೌದು ಅನ್ನಲೋ ಅಲ್ಲ ಅನ್ನಲೋ ತಿಳಿಯಲಿಲ್ಲ. ಮತ್ತೆ, ಹದ್ದನ್ನು ಯಾರು ತಿನ್ನುತ್ತಾರೆ?

ಉತ್ತರ: ಮಗಳ ಪ್ರಶ್ನೆ ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿದೆ. ಆ ಸಾಲಿಗೆ ಆಹಾರ ಸರಪಳಿ ಅನ್ನುತ್ತಾರೆ. ಕಲಿಯೋಕೆ ಸುಲಭ, ಅಷ್ಟೇ. ನಿಜವಾಗಿ ಯಾವ ಪ್ರಾಣಿಯೂ ಹೀಗೆ ಸಾಲಲ್ಲಿ ನಿಂತಿರುವುದಿಲ್ಲ. ಕಪ್ಪೆಯನ್ನೇ ತಗೊಳ್ಳಿ. ಗೊದಮೊಟ್ಟೆಯಾಗಿದ್ದಾಗ ಹೆಚ್ಚಾಗಿ ಪಾಚಿ ಕೆರೆದು ತಿನ್ನುತ್ತದೆ, ಅಂದರೆ ಆಗ ಅದು ಮಿಡತೆಯ ಜಾಗದಲ್ಲಿದೆ. ಕಾಲು ಮೂಡಿ ದಡ ಹತ್ತಿದ ಮೇಲೆ ಹುಳ ಹಿಡಿಯುತ್ತದೆ. ಇನ್ನೂ ಮಜಾ ಅಂದರೆ, ಏರೋಪ್ಲೇನ್ ಚಿಟ್ಟೆಯ ಮರಿ ನೀರೊಳಗೆ ಗೊದಮೊಟ್ಟೆಗಳನ್ನು ಹಿಡಿದು ತಿನ್ನುತ್ತದೆ, ಅದೇ ಮರಿ ರೆಕ್ಕೆ ಬಂದು ಹಾರಾಡುವಾಗ ದೊಡ್ಡ ಕಪ್ಪೆಯೊಂದು ಗಬಕ್ಕನೆ ನುಂಗುತ್ತದೆ. ಈಗ ಬಾಣ ಯಾವ ಕಡೆಗೆ ಹಾಕುತ್ತೀರಿ? ಎರಡೂ ಕಡೆಗೆ ಹಾಕಬೇಕು, ಅಲ್ವಾ? ಹೀಗೆ ಎಲ್ಲ ಜೀವಿಗಳಿಗೂ ಹಾಕುತ್ತಾ ಹೋದರೆ ಹಾಳೆ ತುಂಬ ಬಲೆ. ಅದೇ ಆಹಾರ ಜಾಲ. (ಬಾಣದ ತುದಿ ತಿನ್ನುವವರ ಕಡೆಗಿರಲಿ. ಮಕ್ಕಳು ಉಲ್ಟಾ ಹಾಕುವುದೇ ಜಾಸ್ತಿ.)

ಕಪ್ಪೆ ಹೋದರೆ ಏನಾಗುತ್ತದೆ ಅನ್ನುವುದು ಹಾವು ಯಾವುದು ಅನ್ನುವುದರ ಮೇಲಿದೆ. ಕಪ್ಪೆಯನ್ನೇ ನೆಚ್ಚಿಕೊಂಡ ಹಾವಿಗೆ ಕಷ್ಟ. ಇಲಿ, ಹಲ್ಲಿ, ಮೊಟ್ಟೆ ಅಂತ ಸಿಕ್ಕಿದ್ದನ್ನು ತಿನ್ನುವ ಹಾವು ಬದುಕಿಕೊಳ್ಳಬಹುದು, ಆದರೆ ಆಗ ಇಲಿ ಹಲ್ಲಿಗಳಿಗೆ ಕಾಟ ಜಾಸ್ತಿ. ಇತ್ತ ಕಪ್ಪೆ ತಿನ್ನುತ್ತಿದ್ದ ಹುಳಗಳು ಹೆಚ್ಚಬಹುದು. ಪೆಟ್ಟು ಮೇಲಕ್ಕಷ್ಟೇ ಅಲ್ಲ, ಪಕ್ಕಕ್ಕೂ ಕೆಳಕ್ಕೂ ಹೋಗುತ್ತದೆ.

ಜಾಲದ ಕೆಲವು ಎಳೆ ಹರಿದರೆ ಅಷ್ಟೇನೂ ಆಗುವುದಿಲ್ಲ. ಕೆಲವು ಹರಿದರೆ ಮುಗೀತು. 1963ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಪೇನ್ ವಾಷಿಂಗ್ಟನ್ ರಾಜ್ಯದ ಕಡಲತೀರದಲ್ಲಿ ಒಂದಿಷ್ಟು ಬಂಡೆಯ ಮೇಲಿದ್ದ ನಕ್ಷತ್ರಮೀನುಗಳನ್ನು ಕಿತ್ತು ಸಮುದ್ರಕ್ಕೆ ಎಸೆದರು. ಮತ್ತೆ ಬಂದರೆ ಮತ್ತೆ ಎಸೆದರು. ನಕ್ಷತ್ರಮೀನಿನ ಮುಖ್ಯ ಊಟ ಮಸಲ್ ಎಂಬ ಚಿಪ್ಪುಜೀವಿ. ತಿನ್ನುವವರು ಇಲ್ಲದೇ ಹೋದಾಗ ಮಸಲ್‌ಗಳು ಬಂಡೆಯನ್ನೆಲ್ಲ ಆಕ್ರಮಿಸಿಕೊಂಡು ಬೇರೆಯವಕ್ಕೆ ಕಾಲೂರಲೂ ಜಾಗ ಬಿಡಲಿಲ್ಲ. 15 ಬಗೆಯ ಜೀವಿಗಳಿದ್ದಲ್ಲಿ 8 ಉಳಿದವು. ವಿಚಿತ್ರ ನೋಡಿ, ನಕ್ಷತ್ರಮೀನು ತಿನ್ನುತ್ತಿದ್ದ ಕೆಲವು ಜೀವಿಗಳೂ ಅದು ಹೋದ ಮೇಲೆಯೇ ಕಾಣೆಯಾದವು! ಇಂಥ ಜೀವಿಗೆ 1969ರಲ್ಲಿ ಪೇನ್ ಕೊಟ್ಟ ಹೆಸರು ಕೀಸ್ಟೋನ್ ಪ್ರಭೇದ. ಕಮಾನಿನ ನೆತ್ತಿಯಲ್ಲಿ ಎರಡೂ ಕಡೆಯ ಕಲ್ಲುಗಳನ್ನು ಹಿಡಿದಿಡುವ ಕಲ್ಲು ಇರುತ್ತದಲ್ಲ, ಅದು.

ಇನ್ನು ಹದ್ದು. ಒಂದು ಹಂತದಿಂದ ಮುಂದಿನ ಹಂತಕ್ಕೆ ದಾಟುವ ಶಕ್ತಿ ಸುಮಾರು ಹತ್ತರಲ್ಲೊಂದು ಪಾಲು. ಉಳಿದದ್ದು ಓಡಾಟ, ಉಸಿರಾಟ, ಮೈಶಾಖ, ಹಿಕ್ಕೆ ಅಂತ ಹೋಗಿಬಿಡುತ್ತದೆ. ಹುಲ್ಲಿನಲ್ಲಿ 1000 ಪಾಲಿದ್ದರೆ ಮಿಡತೆಗೆ 100, ಕಪ್ಪೆಗೆ 10, ಹಾವಿಗೆ 1. ಹದ್ದಿಗೆ ಸಿಗುವುದು ಆ ಒಂದರ ಚೂರು. ಹದ್ದುಗಳನ್ನೇ ಹಿಡಿದು ತಿಂದು ಬದುಕುತ್ತೇನೆ ಅಂತ ಹೊರಟ ಪ್ರಾಣಿಗೆ ಹೊಟ್ಟೆ ತುಂಬುವಷ್ಟು ಹದ್ದುಗಳೇ ಇರುವುದಿಲ್ಲ.

ಹಾಗಂತ ಹದ್ದನ್ನು ಯಾರೂ ತಿನ್ನುವುದಿಲ್ಲ ಅಂತಲ್ಲ. ಸತ್ತ ಮೇಲೆ ನೊಣದ ಮರಿಗಳು, ಬೂಷ್ಟು, ಬ್ಯಾಕ್ಟೀರಿಯಾ ಎಲ್ಲ ತಿನ್ನುತ್ತವೆ. ಪುಸ್ತಕದ ಚಿತ್ರದಲ್ಲಿ ಬಿಟ್ಟುಹೋಗಿರುವುದು ಇದೇ. ಕಾಡಿನ ಎಲೆಯಲ್ಲೂ ಬಹುಪಾಲನ್ನು ಯಾರೂ ಹಸಿಯಾಗಿ ತಿನ್ನುವುದಿಲ್ಲ, ಅದು ಉದುರಿ ಕೊಳೆತು ಎರೆಹುಳ, ಗೆದ್ದಲುಗಳ ಪಾಲಾಗುತ್ತದೆ. ಮಗಳಿಗೆ ಒಂದು ಬಾಣ ಜಾಸ್ತಿ ಹಾಕಲು ಹೇಳಿ, ಗೆದ್ದಲಿನಿಂದ ಕಪ್ಪೆಗೆ. ಅದನ್ನೂ ಕಪ್ಪೆ ತಿನ್ನುತ್ತದೆ.