ಗಂಡು ಬೆಕ್ಕು ರಾತ್ರಿ ಹೊರಗೆ ಹೋದ್ರೆ ಎರಡು ದಿನ ಬರಲ್ಲ, ಕಟ್ಟಿಹಾಕೋದು ಸರೀನಾ?

ಕಟ್ಟಿಹಾಕೋ ಯೋಚನೆ ದಯವಿಟ್ಟು ಬಿಟ್ಬಿಡಿ. ಗಾಬರಿ ಬಿದ್ರೆ ಹಗ್ಗ ಕತ್ತಿಗೆ ಸುತ್ಕೊಳ್ಳುತ್ತೆ, ನಾಯಿ ಬಂದ್ರೆ ಗೋಡೆ ಹತ್ತಿ ತಪ್ಪಿಸ್ಕೊಳ್ಳೋಕೂ ಆಗಲ್ಲ.

ಒಂದೂವರೆ ವರ್ಷದ ಗಂಡು, ಬರುವಾಗ ಮೈಮೇಲೆ ಗಾಯ ಅಂತ ಬರ್ದಿದ್ದೀರಿ, ಮರಿ ಆಗದ ಹಾಗೆ ಮಾಡೋ ಸಂತಾನಹರಣ ಆಪರೇಷನ್ ಆಗಿದ್ಯಾ ಅಂತ ಹೇಳಿಲ್ಲ. ಆಗಿಲ್ಲ ಅಂದ್ರೆ ಮೊದಲು ಅದನ್ನ ಮಾಡ್ಸಿ. ಬೆದೆಗೆ ಬಂದ ಹೆಣ್ಣಿನ ಕೂಗು, ವಾಸನೆ ಹಿಡ್ಕೊಂಡು ನಾಲ್ಕು ಬೀದಿ ದಾಟಿ ಹೋಗುತ್ತೆ, ಅಲ್ಲಿ ಆ ಏರಿಯಾದ ಗಂಡುಗಳ ಜೊತೆ ಕಚ್ಚಾಟ, ಮಧ್ಯೆ ರಸ್ತೆ, ಗಾಡಿ, ಬೀದಿ ನಾಯಿ. ನೀವು ಎಷ್ಟು ಮುದ್ದು ಮಾಡಿದ್ರೂ ಆ ಸೆಳೆತದ ಮುಂದೆ ನಡೆಯಲ್ಲ. ಗಂಡಿಗೆ ಇದು ಸಣ್ಣ ಆಪರೇಷನ್, ಸಾಮಾನ್ಯವಾಗಿ ಅವತ್ತೇ ಮನೆಗೆ ಕರ್ಕೊಂಡ್ ಬರಬಹುದು. ಆದ್ರೆ ಮರುದಿನಾನೇ ತಿರುಗಾಟ ನಿಲ್ಲಲ್ಲ, ಹಾರ್ಮೋನ್ ಇಳಿಯೋಕೆ ಕೆಲವು ವಾರ ಬೇಕು, ಅಲ್ಲೀವರೆಗೆ ಒಳಗೇ ಇಟ್ಕೊಳ್ಳಿ. ಅದೇ ದಿನ ಡಾಕ್ಟರ್ ಹತ್ರ ರೇಬೀಸ್ ಲಸಿಕೆ, ಬೆಕ್ಕಿನ ಮೂರು ವೈರಸ್ ಕಾಯಿಲೆಗೆ ಒಟ್ಟಿಗೆ ಹಾಕೋ ಟ್ರೈಕ್ಯಾಟ್ ಲಸಿಕೆ ಬಗ್ಗೆನೂ ಕೇಳಿ.

ಕಚ್ಚಿದ ಗಾಯನ ತಾನಾಗೇ ವಾಸಿಯಾಗುತ್ತೆ ಅಂತ ಬಿಡ್ಬೇಡಿ. ಬೆಕ್ಕಿನ ಕೋರೆಹಲ್ಲು ಸೂಜಿ ಥರ ಆಳಕ್ಕೆ ಇಳಿಯುತ್ತೆ, ಮೇಲಿನ ತೂತು ಬೇಗ ಮುಚ್ಕೊಂಡು ಒಳಗೆ ಕೀವು ತುಂಬುತ್ತೆ. ಕೆನ್ನೆ, ಮುಂಗಾಲು, ಬಾಲದ ಬುಡ ಸವರಿ ನೋಡಿ, ಬಿಸಿಯಾಗಿ ಊದ್ಕೊಂಡಿದ್ರೆ, ಊಟ ಬಿಟ್ಟಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಜ್ವರ ಅಂತ ಮನೇಲಿರೋ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ, ಒಂದೇ ಮಾತ್ರೆಗೆ ಬೆಕ್ಕಿನ ಪ್ರಾಣ ಹೋಗಬಹುದು.

ಇನ್ನು ಮನೆ ಹತ್ರ ಉಳಿಸ್ಕೊಳ್ಳೋದಕ್ಕೆ ನಾನು ನಂಬೋದು ಸಂಜೆ ಊಟನ. ದಿನವಿಡೀ ತಟ್ಟೇಲಿ ಅನ್ನ ಬಿದ್ದಿದ್ರೆ ಮನೆಗೆ ಬರೋ ಆತುರ ಅದಕ್ಕೆ ಇರಲ್ಲ. ನಾವು ಬೆಳಿಗ್ಗೆ ಸ್ವಲ್ಪ ಹಾಕ್ತೀವಿ, ಕತ್ತಲಾಗೋ ಮುಂಚೆ ಸ್ಟೀಲ್ ತಟ್ಟೆನ ಚಮಚದಲ್ಲಿ ಬಡಿದು ಒಳ್ಳೆ ಊಟ ಹಾಕ್ತೀವಿ, ಮೀನಿನ ತಲೆ ಬೇಯಿಸಿ ಮುಳ್ಳು ತೆಗೆದು ಅನ್ನದ ಜೊತೆ ಕಲಸಿದ್ದು ಇದ್ರಂತೂ ಸಜ್ಜಾ ಮೇಲಿಂದ ಧುಮುಕಿ ಓಡಿ ಬರ್ತವೆ, ತಿಂದ ಮೇಲೆ ಬಾಗಿಲು ಹಾಕಿದ್ರೆ ಮುಗೀತು, ಬೆಳಗಾದ ಮೇಲೇ ಹೊರಗೆ. ಒಳಗೆ ಮರಳಿನ ಟ್ರೇ ಇಡಿ. ಮೊದಮೊದಲು ಬಾಗಿಲ ಹತ್ರ ಕೂತು ಅರಚುತ್ತೆ, ಪಾಪ ಅನ್ಸುತ್ತೆ, ಆದ್ರೂ ತೆಗೀಬೇಡಿ, ಒಂದ್ಸಲ ತೆಗೆದ್ರೆ ಅರಚಿದ್ರೆ ಬಾಗಿಲು ತೆಗೀತಾರೆ ಅಂತ ಕಲಿತುಬಿಡುತ್ತೆ.

ಹಗಲು ಹೊರಗಿರುವಾಗ ನಾಯಿ ಅಟ್ಟಿಸ್ಕೊಂಡ್ ಬಂದ್ರೆ ಹತ್ತೋಕೆ ಕಾಂಪೌಂಡಿಗೆ ಒಂದು ಹಳೇ ಹಲಗೆ ಒರಗಿಸಿಡಿ. ಚಳಿ, ಮಳೆ ದಿನ ಕಾರ್ ಸ್ಟಾರ್ಟ್ ಮಾಡೋ ಮುಂಚೆ ಬಾನೆಟ್ ತಟ್ಟಿ, ಬಿಸಿ ಇರುತ್ತೆ ಅಂತ ಇಂಜಿನ್ ಸಂದೀಲಿ ಮಲಗಿರ್ತವೆ. ಅಕ್ಕಪಕ್ಕದವರಿಗೂ ಇದನ್ನ ಹೇಳಿ, ಇಲಿ ಪಾಷಾಣ ಇಡೋದಾದ್ರೆ ತಿಳಿಸಿ ಅಂತಾನೂ ಕೇಳ್ಕೊಳ್ಳಿ, ವಿಷ ತಿಂದ ಇಲಿನ ಹಿಡಿದು ತಿಂದ್ರೆ ಬೆಕ್ಕಿಗೂ ವಿಷ ಏರುತ್ತೆ. ಕತ್ತಿಗೆ ಬೆಲ್ಟ್ ಹಾಕೋದಾದ್ರೆ ಜೋರಾಗಿ ಎಳೆದ್ರೆ ತಾನೇ ಬಿಚ್ಕೊಳ್ಳೋ ಥರದ್ದೇ ತಗೊಳ್ಳಿ, ಫೋನ್ ನಂಬರ್ ಬರೀರಿ.

ಮತ್ತೆ ಕಾಣೆಯಾದ್ರೆ ದೂರ ಹುಡುಕೋಕೆ ಮುಂಚೆ ಅಕ್ಕಪಕ್ಕದ ಮನೆಗಳ ಗ್ಯಾರೇಜು, ಸ್ಟೋರ್ ರೂಮು, ಮೆಟ್ಟಿಲ ಕೆಳಗೆ ನೋಡಿ. ಪೆಟ್ಟಾದ, ಹೆದರಿದ ಬೆಕ್ಕು ಕರೆದ್ರೂ ಓಗೊಡಲ್ಲ, ಹಾಗಾಗಿ ಗಾಡಿ ಸದ್ದೆಲ್ಲ ನಿಂತ ಮೇಲೆ ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ, ಮೂಲೆ ಮೂಲೆಗೂ ಬೆಳಕು ಬಿಡಿ, ಕಣ್ಣು ಹೊಳೆಯುತ್ತೆ.