ಎಲ್ಲೆಲ್ಲೂ ಒಂದೇ ಹಸುರು ಕಂಡರೆ ಏನನ್ನು ಬರೆಯುವುದು?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ. ನಿವೃತ್ತಿಯ ಬಳಿಕ ಜಲವರ್ಣದಲ್ಲಿ ನಿಸರ್ಗಚಿತ್ರ ಬರೆಯತೊಡಗಿದ್ದೇನೆ. ದಿನಾಲೂ ಬೆಳಗ್ಗೆ ತೋಟದ ಬದಿಯಿಂದ ಗುಡ್ಡೆಯವರೆಗೆ ನಡೆಯುತ್ತೇನೆ. ಆದರೆ ಎಲ್ಲೆಲ್ಲೂ ಒಂದೇ ಹಸುರು ಕಾಣುತ್ತದೆಯೇ ಹೊರತು ಬರೆಯಬೇಕೆನಿಸುವ ದೃಶ್ಯ ಸಿಗುವುದಿಲ್ಲ. ಮೊಬೈಲಿನ ಫೋಟೋ ನೋಡಿ ಬರೆದರೆ ಚಿತ್ರಕ್ಕೆ ಜೀವ ಬರುವುದಿಲ್ಲ. ಏನು ಮಾಡಲಿ?

ಉತ್ತರ: ನಿಸರ್ಗಚಿತ್ರ ಎಂದೊಡನೆ ನಮ್ಮಲ್ಲಿ ಅನೇಕರು ಬೇಕಲ ಕೋಟೆಗೋ ಅನಂತಪುರದ ಕೆರೆಗೋ ಹೊರಡುತ್ತಾರೆ. ಅವು ಸುಂದರ ಸ್ಥಳಗಳೇ ಹೌದು. ಆದರೆ ನಿನ್ನೆಗೂ ಇಂದಿಗೂ ಏನು ಬದಲಾಗಿದೆ ಎಂಬುದು ಕಣ್ಣಿಗೆ ಬೀಳುವುದು ದಿನವೂ ನಡೆದು ಪಳಗಿದ ದಾರಿಯಲ್ಲಿ ಮಾತ್ರ, ಮತ್ತು ಬರೆಯಬೇಕೆಂಬ ಆಸೆ ಬಹುಮಟ್ಟಿಗೆ ಹುಟ್ಟುವುದು ಆ ಬದಲಾವಣೆಯನ್ನು ಗಮನಿಸಿದಾಗ. ಆದ್ದರಿಂದ ನೀವು ದಾರಿ ಬದಲಿಸಬೇಕಾಗಿಲ್ಲ. ಹೊತ್ತನ್ನು ಬದಲಿಸಿ, ಕೆಲವು ದಿನ ಸಂಜೆ ಹೋಗಿ ನೋಡಿ.

ಇನ್ನು ಹಸುರಿನ ಮಾತು. ಅಡಿಕೆ ತೋಟದೊಳಗೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಬಿಸಿಲು ಬಿದ್ದ ಸೋಗೆಯ ಮೇಲ್ಮೈ ಆಕಾಶದ ಬೆಳಕನ್ನು ಪ್ರತಿಫಲಿಸಿ ಬೂದುಬಿಳಿಯಾಗಿ ಹೊಳೆಯುತ್ತದೆ. ಅದೇ ಸೋಗೆಯನ್ನು ಕೆಳಗೆ ನಿಂತು ಬೆಳಕಿಗೆ ಎದುರಾಗಿ ನೋಡಿದರೆ, ಬಿಸಿಲು ಎಲೆಯನ್ನು ಹಾದುಬರುವುದರಿಂದ ಹಳದಿ ತುಂಬಿದ ಎಳೆಹಸುರು ಕಾಣುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಸಿಂಪಡಿಸಿದ ತೋಟದಲ್ಲಂತೂ ಗೊನೆಗಳ ಮೇಲೆ, ಕಾಂಡದ ಮೇಲೆ, ಕೆಳಗಿನ ಬಾಳೆಲೆಗಳ ಮೇಲೆ ಆ ಮದ್ದಿನ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಒಣಗಿ ಉಳಿದ ತಿಳಿನೀಲಿ ಕಲೆಗಳಿರುತ್ತವೆ. ನಮ್ಮ ಸೀಮೆಯ ತೋಟಕ್ಕೇ ಸಲ್ಲುವ ಆ ನೀಲಿಯನ್ನು ಚಿತ್ರಗಳಲ್ಲಿ ಕಾಣುವುದು ಬಹಳ ಅಪರೂಪ. ನೀವು ಅದನ್ನು ಬರೆಯಬೇಕೆಂದು ನನಗೆ ನಿಜವಾಗಿಯೂ ಆಸೆಯಿದೆ. ಪೆಟ್ಟಿಗೆಯಲ್ಲಿರುವ ಸಿದ್ಧ ಹಸುರನ್ನು ಕೆಲವು ತಿಂಗಳು ಮುಟ್ಟಬೇಡಿ. ಅಲ್ಟ್ರಾಮರೀನ್ ನೀಲಿಗೆ ಲೆಮನ್ ಹಳದಿ ಬೆರೆಸಿ, ನೆರಳಿನ ಭಾಗಕ್ಕೆ ಚೂರು ಬರ್ನ್ಟ್ ಸಿಯೆನ್ನಾ (ಕೆಂಗಂದು ಬಣ್ಣ) ಸೇರಿಸಿದರೆ ಹಸುರಿನ ಅಬ್ಬರ ಇಳಿದು ಅದು ತೋಟದ ಹಸುರಿಗೆ ಹತ್ತಿರವಾಗುತ್ತದೆ.

ಗುಡ್ಡೆಯ ಮೇಲೂ ಹೀಗೆಯೇ. ಹಳೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಹಾಸು ಗಾಳಿಮಳೆಗೆ ಕಪ್ಪಾಗಿರುತ್ತದೆ, ಹೊಸದಾಗಿ ಕಡಿದ ಕಲ್ಲಿನ ಮೈಯಲ್ಲಿ ಕೆಂಪು ಹಳದಿಗಳ ಮಚ್ಚೆಗಳಿರುತ್ತವೆ, ಒಂದು ಮಳೆ ಬಿದ್ದರೆ ಎರಡರ ಬಣ್ಣವೂ ಗಾಢವಾಗುತ್ತದೆ. ಕಲ್ಲು ಕಡಿದ ಕೋರೆಯ ಅಂಚಿಗೆ ಮಾತ್ರ ಹೋಗಬೇಡಿ.

ಎಲ್ಲವನ್ನೂ ಒಂದೇ ಹಾಳೆಗೆ ತುಂಬುವ ಆಸೆಯಾದರೆ, ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಕಿಂಡಿ ಕತ್ತರಿಸಿ ಅದರ ಮೂಲಕ ನೋಡಿ.

ಮೊಬೈಲಿನ ಕ್ಯಾಮೆರಾ ಬಿಸಿಲು ನೆರಳುಗಳ ಅಂತರವನ್ನು ಕಣ್ಣಿನಷ್ಟು ಚೆನ್ನಾಗಿ ಹಿಡಿಯದ ಕಾರಣ, ಎಷ್ಟೋ ಸಲ ನೆರಳು ಕಪ್ಪಾಗಿ ಆಕಾಶ ಬಿಳುಚಿಕೊಳ್ಳುತ್ತದೆ. ನಿಮ್ಮ ಚಿತ್ರ ಸಪ್ಪೆಯಾಗುವುದಕ್ಕೆ ಇದೂ ಒಂದು ಕಾರಣವಿರಬೇಕು. ಇಂಗ್ಲೆಂಡಿನ ನಿಸರ್ಗಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821-22ರಲ್ಲಿ ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ ಮೋಡಗಳ ಅಭ್ಯಾಸಚಿತ್ರಗಳನ್ನು ಬರೆದಾಗ, ಹಲವುದರ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಗಾಳಿಯ ದಿಕ್ಕುಗಳನ್ನು ಗುರುತು ಹಾಕಿಕೊಂಡಿದ್ದರು. ನೀವೂ ಚಿಕ್ಕ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದು, "ಎಂಟು ಗಂಟೆ, ಎಡದಿಂದ ಬಿಸಿಲು, ದರೆಯ ನೆರಳು ನೇರಳೆ" ಎಂಬಂತೆ ಪಕ್ಕದಲ್ಲೇ ಬರೆದಿಡಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹೊರಗೆ ಕೂತರೆ ಕಾಗದ ಒಣಗುವುದೇ ಇಲ್ಲವಾದ್ದರಿಂದ ಆಗ ಈ ಪುಸ್ತಕವಷ್ಟೇ ಸಾಕು. ಬಣ್ಣದ ಕೆಲಸವನ್ನು ಅದೇ ದಿನ, ನೆನಪು ಹಸಿಯಾಗಿರುವಾಗಲೇ, ಮನೆಯ ಜಗಲಿಯಲ್ಲಿ ಕೂತು ಮಾಡಿ.