ರಿಪೋರ್ಟ್ ನಾರ್ಮಲ್, ‘ಬರೀ ಟೆನ್ಷನ್’ ಎನ್ನುವ ವೈದ್ಯರನ್ನು ಬದಲಾಯಿಸಬಹುದೇ?

ಖಂಡಿತ ಬದಲಾಯಿಸಿ. ಬದಿಯಡ್ಕದಿಂದ ನೀವು ಬರೆದಿರುವಂತೆ ಎರಡು ವರ್ಷದಿಂದ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವಿಕೆ. ಆದರೂ ಮೈಮುಟ್ಟಿ ಪರೀಕ್ಷಿಸದೆ ಅದೇ ವಿಟಮಿನ್ ಮಾತ್ರೆ ಬರೆಯುತ್ತಿದ್ದರೆ ಇನ್ನೂ ಕಾಯುವುದರಲ್ಲಿ ಅರ್ಥವಿಲ್ಲ.

ಮಾಡಿಸದ ಪರೀಕ್ಷೆಯ ಬಗ್ಗೆ ರಿಪೋರ್ಟ್ ಏನನ್ನೂ ಹೇಳುವುದಿಲ್ಲ. ಕಬ್ಬಿಣದ ಕೊರತೆಯಾದಾಗ ದೇಹ ಮೊದಲು ತನ್ನ ದಾಸ್ತಾನನ್ನು ಖರ್ಚು ಮಾಡುತ್ತದೆ, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಆ ದಾಸ್ತಾನನ್ನು ತೋರಿಸುವುದು ಫೆರಿಟಿನ್ ಎಂಬ ಬೇರೆಯೇ ರಕ್ತಪರೀಕ್ಷೆ. ಥೈರಾಯ್ಡ್‌ಗೂ ಪ್ರತ್ಯೇಕ ಪರೀಕ್ಷೆ ಬೇಕು. ಚೀಟಿಯಲ್ಲಿ ಒಮ್ಮೆ ‘ಟೆನ್ಷನ್’ ಎಂದು ಬಿದ್ದರೆ ಮುಂದಿನ ದೂರುಗಳೆಲ್ಲ ಅದರ ಲೆಕ್ಕಕ್ಕೇ ಸೇರಿಬಿಡುತ್ತವೆ; ನನಗೆ ನಿಜವಾಗಿ ಸಿಟ್ಟು ಬರುವುದು ಇದಕ್ಕೆ. ಆದರೆ ‘ಕಾರಣ ಇನ್ನೂ ತಿಳಿದಿಲ್ಲ, ಮುಂದೆ ಇದನ್ನು ನೋಡೋಣ’ ಎನ್ನುವ ವೈದ್ಯರನ್ನು ಬಿಡಬೇಡಿ, ಅವರು ಹುಡುಕುತ್ತಿದ್ದಾರೆ.

ಹಳೆಯ ದಾಖಲೆಗಳನ್ನು ಕೇಳಿ ಪಡೆಯಿರಿ. 2002ರ ವೈದ್ಯರ ವೃತ್ತಿನಡತೆಯ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ಅವನ್ನು ಕೊಡಬೇಕು. ಎಲ್ಲದಕ್ಕೂ ಮಂಗಳೂರಿಗೆ ಓಡಬೇಕಿಲ್ಲ. ಕಾಸರಗೋಡಿನಲ್ಲೇ ಒಬ್ಬ ಒಳ್ಳೆಯ ಫಿಸಿಶಿಯನ್, ಅಂದರೆ ಸಾಮಾನ್ಯ ರೋಗಗಳ ತಜ್ಞರು, ಸಾಕು. ಮಲಯಾಳಂನಲ್ಲಿ ಹೇಳಲು ತಡವರಿಸುತ್ತೀರಾದರೆ ಭಾಷೆ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ತೊಂದರೆ ಯಾವಾಗ ಶುರುವಾಯಿತು, ಯಾವ ಕೆಲಸ ಕೈಲಾಗುತ್ತಿಲ್ಲ, ಮುಟ್ಟಿನ ರಕ್ತಸ್ರಾವ ಹೆಚ್ಚಿದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಎದೆನೋವು ಬಂದರೆ, ಎಚ್ಚರ ತಪ್ಪಿದರೆ ಅಥವಾ ಮಲ ಕಪ್ಪಾದರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತಕ್ಷಣ ತುರ್ತು ವಿಭಾಗಕ್ಕೆ ಹೋಗಿ.